ಬರೋಲೊ ಬಾಟಲಿ ಕೈಗೆ ಬಂದಾಗ: ಆರಿಸುವುದು, ಇಡುವುದು, ತೆರೆಯುವುದು

"ಇಟಲಿಯಿಂದ ಬರೋಲೊ ತಂದಿದ್ದೇವೆ. ಈಗಲೇ ತೆರೆಯಬಹುದೇ, ಹತ್ತು ವರ್ಷ ಇಡಬೇಕೇ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಬರುವ ದೂರು ಇನ್ನೊಂದು: "ಅಷ್ಟು ದುಡ್ಡು ಕೊಟ್ಟೆವು, ಬಾಯಿಗೆ ಬರೀ ಒಗರು." ಎರಡಕ್ಕೂ ಉತ್ತರ ಹೇಳಬೇಕಾದರೆ ಮೂರು ಸಂಗತಿ ಗೊತ್ತಿರಬೇಕು. ಬರೋಲೊ ಇಟಲಿಯ ಒಂದು ಕೆಂಪು ವೈನ್; ನಿಮ್ಮ ಬಾಟಲಿಯದು ಯಾವ ಗುಡ್ಡದ್ದು, ಯಾವ ವರ್ಷದ ಕೊಯ್ಲಿನದು, ಮತ್ತು ಬಾಟಲಿಗೆ ತುಂಬಿದ ಮೇಲೆ ಎಷ್ಟು ತಂಪಿನಲ್ಲಿ ಉಳಿದಿದೆ. ಮೊದಲ ಎರಡನ್ನು ಲೇಬಲ್ ಹೇಳುತ್ತದೆ. ಮೂರನೆಯದು ನಿಮ್ಮ ಕೈಯಲ್ಲಿದೆ, ಹೆಚ್ಚಿನ ಬಾಟಲಿಗಳು ಹಾಳಾಗುವುದೂ ಅಲ್ಲಿಯೇ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಥರ್ಮಾಮೀಟರ್, ಉದ್ದ ಸುರುಳಿಯ ಕಾರ್ಕ್‌ಸ್ಕ್ರೂ, ಹಳೆಯ ಬಾಟಲಿಗಾದರೆ ಎರಡು ಅಲಗಿನ ಓಪನರ್, ಅಗಲ ತಳದ ಗಾಜಿನ ಹೂಜಿ, ಸಣ್ಣ ಟಾರ್ಚ್, ದೊಡ್ಡ ಹೊಟ್ಟೆಯ ಗ್ಲಾಸು. ವರ್ಷಗಟ್ಟಲೆ ಇಡುವ ಯೋಚನೆ ಇದ್ದರೆ ಮಾತ್ರ ವೈನ್ ಫ್ರಿಜ್ ಬೇಕು.

1. ಮೊದಲು ಒಗರನ್ನು ಅರ್ಥ ಮಾಡಿಕೊಳ್ಳಿ

ಬರೋಲೊ ಎಂಬುದು ಊರಿನ ಹೆಸರು. ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ನೈಋತ್ಯಕ್ಕೆ ಹಬ್ಬಿರುವ ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಮಾತ್ರ ಈ ವೈನ್ ಬೆಳೆಗೆ ಅನುಮತಿ. ದ್ರಾಕ್ಷಿ ಒಂದೇ ಜಾತಿ, ನೆಬ್ಬಿಯೋಲೊ. ಬೇರೆ ಯಾವುದನ್ನೂ ಬೆರೆಸುವಂತಿಲ್ಲ.

ನೆಬ್ಬಿಯೋಲೊ ಹಣ್ಣಿನ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ವಿಪರೀತ. ಟ್ಯಾನಿನ್ ಎಂದರೆ ನಾಲಿಗೆಯನ್ನು ಬಿಗಿ ಹಿಡಿಯುವ ಒಗರಿನ ಅಂಶ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ; ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿ ಇರುವುದೂ ಇದೇ ಗುಂಪಿನ ವಸ್ತು. ಇದರ ಜೊತೆಗೆ ಹುಳಿಯೂ ಜೋರು. ಬಣ್ಣ ಮಾತ್ರ ತೆಳು. ಗ್ಲಾಸಿನ ಆಚೆ ಬದಿ ಕಾಣುವಷ್ಟು ತಿಳಿಯಾದ ಮಾಣಿಕ್ಯದ ಬಣ್ಣ ಕಂಡು "ನೀರು ಬೆರೆಸಿದ್ದಾರೆ" ಎಂದು ಅನುಮಾನಿಸುವವರಿದ್ದಾರೆ. ಹಾಗೇನಿಲ್ಲ, ಈ ದ್ರಾಕ್ಷಿಯ ಬಣ್ಣವೇ ಅಷ್ಟು.

ಒಗರು ಮತ್ತು ಹುಳಿ ಎರಡೂ ಸೇರಿಯೇ ಈ ವೈನನ್ನು ದೀರ್ಘಕಾಲ ಕಾಯುತ್ತವೆ. ಬಾಟಲಿಯೊಳಗೆ ಟ್ಯಾನಿನ್ ಕಣಗಳು ಒಂದಕ್ಕೊಂದು, ಮತ್ತು ಬಣ್ಣದ ಕಣಗಳಿಗೆ, ನಿಧಾನವಾಗಿ ಅಂಟಿಕೊಂಡು ದೊಡ್ಡವಾಗುತ್ತವೆ. ಕೆಲವು ಕರಗದೆ ತಳಕ್ಕೆ ಗಷ್ಟಾಗಿ ಇಳಿಯುತ್ತವೆ. ಒಗರಿನ ಹಿಡಿತ ಸಡಿಲವಾಗುತ್ತದೆ, ಬಣ್ಣ ಅಂಚಿನಿಂದ ಶುರುವಾಗಿ ಹೆಂಚಿನ ಕೆಂಪಿಗೆ ತಿರುಗುತ್ತದೆ. ಎಳೆಯದರಲ್ಲಿ ಗುಲಾಬಿ, ಚೆರಿ ಹಣ್ಣು, ಟಾರಿನ ವಾಸನೆ ಇದ್ದರೆ, ಮಾಗಿದ್ದರಲ್ಲಿ ಒಣಗಿದ ಹೂವು, ತೊಗಲು, ಕಾಡಿನ ಒದ್ದೆ ಎಲೆ, ಅಣಬೆಯ ಪರಿಮಳ ಬರುತ್ತದೆ. ಬಾಟಲಿಯನ್ನು ಇಡುವುದು ಈ ಬದಲಾವಣೆಗಾಗಿ. ಹಳತಾದಷ್ಟೂ ಒಳ್ಳೆಯದು ಎಂಬ ಕಾರಣಕ್ಕಲ್ಲ. ಮಾಗುವ ಹಂತ ದಾಟಿದರೆ ಹಣ್ಣಿನ ರುಚಿ ಬತ್ತಿ ಹುಳಿಯಷ್ಟೇ ಉಳಿಯುತ್ತದೆ.

2. ಲೇಬಲ್ ಓದಿ

ಕತ್ತಿನ ಮೇಲೆ ಕ್ರಮಸಂಖ್ಯೆ ಇರುವ ಸರ್ಕಾರಿ ಪಟ್ಟಿ ಅಂಟಿಸಿದೆಯೇ ನೋಡಿ. ಅದು ಡಿಓಸಿಜಿ ಪಟ್ಟಿ. ಡಿಓಸಿಜಿ ಎಂದರೆ, ಬೆಳೆದ ಜಾಗ ಮತ್ತು ತಯಾರಿಕೆಯ ನಿಯಮಗಳೆರಡನ್ನೂ ಸರ್ಕಾರ ಖಾತರಿಪಡಿಸುವ ಇಟಲಿಯ ಅತಿ ಮೇಲಿನ ದರ್ಜೆ. ಬರೋಲೊಗೆ ಇದು ಸಿಕ್ಕಿದ್ದು 1980ರಲ್ಲಿ.

ನಂತರ ಕೊಯ್ಲಿನ ವರ್ಷ. ನಿಯಮದ ಪ್ರಕಾರ ಬರೋಲೊವನ್ನು ಕೊಯ್ಲಾದ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳು ಮಾಗಿಸಬೇಕು, ಅದರಲ್ಲಿ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ. ಹಾಗಾಗಿ 2021ರ ಬೆಳೆ ಅಂಗಡಿಗೆ ಬಂದದ್ದು 2025ರ ಜನವರಿಯ ನಂತರವೇ. "ರಿಸೆರ್ವಾ" ಎಂದಿದ್ದರೆ ಆ ಅವಧಿ 62 ತಿಂಗಳು.

ಊರು ಅಥವಾ ತೋಟದ ಹೆಸರಿದ್ದರೆ ಅದು ಎಂಜಿಎ, ಅಂದರೆ ಗಡಿ ಗುರುತಿಸಿ ನೋಂದಾಯಿಸಿದ ಜಾಗದ ಹೆಸರು. 2010ರ ಕೊಯ್ಲಿನಿಂದ ಇವು ಅಧಿಕೃತವಾಗಿವೆ; ಒಟ್ಟು 181. ಕನ್ನೂಬಿ, ಬ್ರುನಾತೆ, ವಿಲ್ಲೆರೊ, ಜಿನೆಸ್ತ್ರಾ, ಮೊನ್ವಿಲಿಯೆರೊ ಇವೆಲ್ಲ ಆ ಪಟ್ಟಿಯವು. ಆದರೆ ಹೆಸರು ಕಂಡಕೂಡಲೇ ಮಾರುಹೋಗಬೇಡಿ. ಬುಸ್ಸಿಯಾ ಎಂಬ ಒಂದೇ ಹೆಸರಿನಡಿ ಸುಮಾರು 300 ಹೆಕ್ಟೇರ್ ನೆಲವಿದೆ. ಅಷ್ಟು ದೊಡ್ಡ ಜಾಗದಲ್ಲಿ ಒಂದು ಇಳಿಜಾರಿನಂತೆ ಇನ್ನೊಂದಿರುವುದಿಲ್ಲ. ಅಲ್ಲಿ ತೋಟದ ಹೆಸರಿಗಿಂತ ತಯಾರಕರ ಹೆಸರೇ ಮುಖ್ಯ.

ಜಾರುವ ಜಾಗ ಇಲ್ಲಿ ಎರಡು. "ಬರೋಲೊ ಕಿನಾತೊ" ಎಂದಿದ್ದರೆ ಅದು ಸಿಂಕೋನಾ ತೊಗಟೆ ಮತ್ತು ಮಸಾಲೆ ಹಾಕಿ ಸಿಹಿ ಮಾಡಿದ, ಊಟದ ನಂತರ ಚೂರು ಚೂರೇ ಕುಡಿಯುವ ಪಾನೀಯ. ಈ ಲೇಖನದ ಯಾವ ಮಾತೂ ಅದಕ್ಕೆ ಹೊಂದುವುದಿಲ್ಲ. "ಲಾಂಗೆ ನೆಬ್ಬಿಯೋಲೊ" ಎಂದಿದ್ದರೆ ದ್ರಾಕ್ಷಿ ಅದೇ, ಆದರೆ ಬೇಗ ಕುಡಿಯಲು ಮಾಡಿದ್ದು. ಮೊದಲ ಸಲ ಈ ದ್ರಾಕ್ಷಿಯ ರುಚಿ ನೋಡುವವರಿಗೆ ನಾವು ಸೂಚಿಸುವುದು ಅದನ್ನೇ. ಬೆಲೆ ಬಹಳ ಕಡಿಮೆ, ಹತ್ತು ವರ್ಷ ಕಾಯಬೇಕಾಗಿಯೂ ಇಲ್ಲ.

3. ಯಾವ ಊರಿನದು ಎಂದು ನೋಡಿ

ಎಷ್ಟು ವರ್ಷ ಇಡಬೇಕು ಎಂಬ ಲೆಕ್ಕ ಇಲ್ಲಿಂದ ಶುರು.

ನೆಬ್ಬಿಯೋಲೊ ಏಪ್ರಿಲ್‌ನಲ್ಲೇ ಎಲ್ಲರಿಗಿಂತ ಮೊದಲು ಚಿಗುರಿ, ಎಲ್ಲರಿಗಿಂತ ಕೊನೆಗೆ ಮಾಗುವ ಗಿಡ. ಹಿಂದೆ ಕೊಯ್ಲು ಅಕ್ಟೋಬರ್ ನಡುವಿನಿಂದ ಕೊನೆಯವರೆಗೆ ನಡೆಯುತ್ತಿತ್ತು. ಹವೆ ಬಿಸಿಯಾಗುತ್ತಿರುವ ಈಚಿನ ವರ್ಷಗಳಲ್ಲಿ ಅದಕ್ಕಿಂತ ಬೇಗನೆ ನಡೆಯುತ್ತಿದೆ. ಇಷ್ಟು ದೀರ್ಘ ಕಾಲ ಗಿಡದಲ್ಲೇ ಉಳಿಯುವ ಹಣ್ಣಿಗೆ ಬಿಸಿಲು ಹೆಚ್ಚು ಬೀಳುವ ದಕ್ಷಿಣ, ನೈಋತ್ಯ ಮುಖದ ಇಳಿಜಾರೇ ಆಗಬೇಕು. ಉತ್ತರಕ್ಕೆ ಮುಖ ಮಾಡಿದ ಇಳಿಜಾರನ್ನೂ, ಕಣಿವೆಯ ತೇವದ ತಳವನ್ನೂ ನಿಯಮವೇ ಹೊರಗಿಟ್ಟಿದೆ. ತೋಟದ ಎತ್ತರ ಸಮುದ್ರಮಟ್ಟದಿಂದ 170ರಿಂದ 540 ಮೀಟರ್ ಒಳಗಿರಬೇಕು. ಹಗಲಿನ ಬಿಸಿಲು ಹಣ್ಣನ್ನು ಮಾಗಿಸುತ್ತದೆ, ಶರತ್ಕಾಲದ ತಂಪು ರಾತ್ರಿ ಹುಳಿಯನ್ನೂ ಪರಿಮಳವನ್ನೂ ಉಳಿಸುತ್ತದೆ. ಬೆಳಗಿನ ಹೊತ್ತು ಕಣಿವೆ ತುಂಬ ಮಂಜು. ಇಟಾಲಿಯನ್ನಿನಲ್ಲಿ ಮಂಜಿಗೆ "ನೆಬ್ಬಿಯಾ" ಎನ್ನುತ್ತಾರೆ, ದ್ರಾಕ್ಷಿಯ ಹೆಸರು ಅದರಿಂದಲೇ ಬಂದಿರಬೇಕೆಂಬುದು ಅಲ್ಲಿಯ ವಾಡಿಕೆಯ ಮಾತು.

ಮಣ್ಣಿನಲ್ಲಿ ಎರಡು ದೊಡ್ಡ ಬಗೆ. ಆಲ್ಬಾದಿಂದ ಬರೋಲೊ ಊರಿಗೆ ಹೋಗುವ ರಸ್ತೆಯನ್ನು ಸುಮಾರಾಗಿ ಗಡಿ ಎಂದುಕೊಳ್ಳಿ. ಪಶ್ಚಿಮಕ್ಕೆ ಲಾ ಮೊರ್ರಾ ಮತ್ತು ಬರೋಲೊ ಊರಿನ ಬಹುಭಾಗ. ಅಲ್ಲಿ ನೀಲಿ ಛಾಯೆಯ, ಸುಣ್ಣಾಂಶ ಬೆರೆತ ಮೆದು ಜೇಡಿಮಣ್ಣು. ವೈನ್ ಪರಿಮಳದಲ್ಲಿ ಮುಂದು, ಒಗರು ತುಸು ನಯ, ಬೇಗ ಮಾಗುತ್ತದೆ. ಪೂರ್ವಕ್ಕೆ ಸೆರಾಲುಂಗಾ ದಾಲ್ಬಾ, ದಕ್ಷಿಣಕ್ಕೆ ಮೊನ್‌ಫೋರ್ತೆ ದಾಲ್ಬಾ. ಅಲ್ಲಿಯದು ಇನ್ನೂ ಹಳೆಯ ಕಾಲದ, ಮರಳುಗಲ್ಲಿನ ಪದರಗಳಿರುವ ಬಡಕಲು ನೆಲ. ವೈನ್ ಬಿಗಿ, ಒಗರು ಗಟ್ಟಿ, ವರ್ಷಗಟ್ಟಲೆ ಕಾಯಿಸುತ್ತದೆ. ಕಾಸ್ತಿಲಿಯೋನೆ ಫಲ್ಲೆತ್ತೊ ಎರಡರ ನಡುವೆ, ಗುಣದಲ್ಲೂ ನಡುವೆಯೇ. ವೆರ್ದೂನೊ ಊರಿನದು ಹಗುರ, ಕಾಳುಮೆಣಸಿನಂಥ ಘಮ. ಲೇಬಲ್‌ನಲ್ಲಿ ಯಾವ ಊರಿನ ಹೆಸರೂ ಇಲ್ಲದಿದ್ದರೆ ಹಲವು ಕಡೆಯ ಹಣ್ಣು ಬೆರೆಸಿದ್ದಿರಬಹುದು. ಅದು ಕೊರತೆಯಲ್ಲ. ಹಲವು ತೋಟಗಳ ಹಣ್ಣನ್ನು ಬೆರೆಸಿ ಸಮತೋಲ ತರುವುದೇ ಅಲ್ಲಿಯ ಹಳೆಯ ಪದ್ಧತಿ.

ತಯಾರಿಯ ಶೈಲಿಯೂ ಲೆಕ್ಕಕ್ಕೆ ಬರುತ್ತದೆ. ಸಿಪ್ಪೆಯನ್ನು ರಸದಲ್ಲಿ ವಾರಗಟ್ಟಲೆ ನೆನೆಸಿ, ಸಾವಿರಾರು ಲೀಟರ್ ಹಿಡಿಯುವ ಹಳೆಯ ದೊಡ್ಡ ಪೀಪಾಯಿಗಳಲ್ಲಿ ಮಾಗಿಸಿದ್ದು ಸಾಂಪ್ರದಾಯಿಕ ಕ್ರಮ. 1980ರ ದಶಕದಿಂದ ಕೆಲವರು ನೆನೆಸುವ ಅವಧಿ ಕಡಿತಗೊಳಿಸಿ 225 ಲೀಟರಿನ ಹೊಸ ಓಕ್ ಪೀಪಾಯಿಗೆ ಹೋದರು. ಆ ವೈನ್ ಎಳೆಯದಾಗಿಯೇ ಮೆದು, ವೆನಿಲ್ಲಾ ವಾಸನೆ ಇರುತ್ತದೆ. ಈಗ ಬಹುತೇಕರು ನಡುದಾರಿ ಹಿಡಿದಿದ್ದಾರೆ. ಅಂಗಡಿಯವರನ್ನು ಕೇಳುವುದಾದರೆ ಈ ಒಂದು ಪ್ರಶ್ನೆ ಸಾಕು: "ದೊಡ್ಡ ಪೀಪಾಯಿಯೋ, ಚಿಕ್ಕದೋ?"

4. ವರ್ಷವನ್ನು ತೂಗಿ

2010, 2013, 2016, 2019 ಇಡಲು ಮಾಡಿದ ವರ್ಷಗಳು: ಹುಳಿ, ಒಗರು, ಹಣ್ಣು ಮೂರೂ ಹದವಾಗಿ ಸೇರಿದವು. 2011, 2015, 2017 ಬಿಸಿ ವರ್ಷಗಳು. ಹಣ್ಣು ಬೇಗ ಮಾಗಿತು, ವೈನೂ ಬೇಗ ಮಾಗುತ್ತದೆ. 2014 ಮಳೆಯ, ತಂಪಿನ ವರ್ಷ. ಆ ವರ್ಷ ತಯಾರಕರನ್ನು ನೋಡಿಯೇ ಕೊಳ್ಳಬೇಕು, ಹಾಗೆ ನೋಡಿ ಕೊಂಡವರಿಗೆ ಮೋಸವಾಗಿಲ್ಲ. 2018 ಮತ್ತು 2020 ಹಗುರ, ಎಳೆಯದಾಗಿಯೇ ಕುಡಿಯಲು ಒಗ್ಗುವಂಥವು. ಊಟಕ್ಕೆ ಈ ವಾರವೇ ತೆರೆಯುವ ಬಾಟಲಿ ಹುಡುಕುತ್ತಿದ್ದರೆ, ಎಲ್ಲರೂ ಹೊಗಳುವ 2016ನ್ನು ಬಿಟ್ಟು 2018 ಕೊಳ್ಳಿ. ದುಡ್ಡೂ ಉಳಿಯುತ್ತದೆ, ಊಟವೂ ಚೆನ್ನಾಗಿರುತ್ತದೆ.

5. ಮನೆಗೆ ತರುವಾಗ

ವಿದೇಶದಿಂದ ಭಾರತಕ್ಕೆ ಬರುವ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಇರುವ ಮಿತಿ 2 ಲೀಟರ್. 750 ಮಿಲಿಲೀಟರಿನ ಎರಡು ಬಾಟಲಿ ಸರಿ. ಮೂರನೆಯದು ಸೇರಿದರೆ 2.25 ಲೀಟರ್, ಮಿತಿ ದಾಟಿತು. ಇಬ್ಬರು ಬರುತ್ತಿದ್ದರೆ ತಲೆಗೆ ಎರಡರಂತೆ ಹಂಚಿಕೊಳ್ಳಿ. ಊರಿನ ಅಂಗಡಿಯಲ್ಲಿ ಕೊಂಡದ್ದು ಕೈಚೀಲದಲ್ಲಿ ಹೋಗುವುದಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ, ಅಂಚಿಗೆ ತಾಗಬಾರದು.

ಭಾರತದ ಅಂಗಡಿಯಲ್ಲಿ ಕೊಳ್ಳುವುದಾದರೆ ಬಾಟಲಿಯನ್ನು ಕೈಗೆತ್ತಿಕೊಂಡು ಪರೀಕ್ಷಿಸಿ. ಬಿರಡೆ ಕತ್ತಿನಿಂದ ಉಬ್ಬಿ ಮೇಲೆ ಬಂದಿದೆಯೇ? ಕವಚದ ಕೆಳಗೆ ಅಂಟು ಸೋರಿದ ಗುರುತಿದೆಯೇ? ವೈನಿನ ಮಟ್ಟ ಕತ್ತಿನಿಂದ ಇಳಿದಿದೆಯೇ? ಬಿಸಿಗೆ ವೈನ್ ಹಿಗ್ಗಿ ಬಿರಡೆಯನ್ನು ತಳ್ಳಿದಾಗ ಹೀಗಾಗುತ್ತದೆ. ಶೋಕೇಸಿನ ದೀಪದಡಿ ನೆಟ್ಟಗೆ ನಿಂತ ಬಾಟಲಿ ಬೇಡ, ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಪ್ರಯಾಣ ಮಾಡಿಬಂದ ಬಾಟಲಿಯನ್ನು ಒಂದೆರಡು ವಾರ ಅಲುಗಾಡಿಸದೆ ಬಿಡಿ.

6. ಇಡುವ ಜಾಗ

ಗುರಿ ಇಷ್ಟು: 12ರಿಂದ 14 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 60ರಿಂದ 70, ಕತ್ತಲು, ಅಲುಗಾಟವಿಲ್ಲದ ಜಾಗ. ಬಾಟಲಿ ಮಲಗಿರಬೇಕು. ವೈನ್ ತಾಗುತ್ತಿದ್ದರೆ ಬಿರಡೆ ಒಣಗಿ ಕುಗ್ಗುವುದಿಲ್ಲ, ಗಾಳಿ ಒಳನುಸುಳುವುದಿಲ್ಲ.

"ಬೆಂಗಳೂರು ತಂಪಲ್ಲವೇ, ಮಂಚದ ಕೆಳಗೆ ಇಟ್ಟರಾಗದೇ?" ಎಂದು ಕೇಳುತ್ತೀರಿ. ಆಗುವುದಿಲ್ಲ. ಚಳಿಗಾಲದಲ್ಲಿ ಹೇಗೋ ನಡೆದರೂ ಮಾರ್ಚ್, ಏಪ್ರಿಲ್‌ನಲ್ಲಿ ಮನೆಯೊಳಗೇ 28, 30 ಡಿಗ್ರಿ ಮುಟ್ಟುತ್ತದೆ. ಬಿಸಿಯಲ್ಲಿ ವೈನ್ ಬೇಗ ಮಾಗುತ್ತದೆ ಎಂದುಕೊಂಡು ಇದನ್ನೇ ಲಾಭವೆಂದು ಭಾವಿಸುವವರೂ ಇದ್ದಾರೆ. ವಿಷಯ ಹಾಗಿಲ್ಲ. ಬಿಸಿಗೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಪರಿಮಳ ಮೊದಲು ಹೋಗುತ್ತದೆ, ಬೇಯಿಸಿದ ಹಣ್ಣಿನ ರುಚಿ ಬರುತ್ತದೆ, ಒಗರು ಮಾತ್ರ ಹಾಗೇ ಕುಳಿತಿರುತ್ತದೆ. ಮಾವನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದಕ್ಕೂ ಒಲೆಯ ಮೇಲಿಟ್ಟು ಬೇಯಿಸುವುದಕ್ಕೂ ಇರುವ ವ್ಯತ್ಯಾಸ ಇದು. ಹಗಲು ಬಿಸಿ, ರಾತ್ರಿ ತಂಪು ಎಂದು ದಿನವೂ ಏರಿಳಿಯುವುದು ಇನ್ನೂ ಕೆಟ್ಟದ್ದು. ವೈನ್ ಹಿಗ್ಗಿ ಕುಗ್ಗಿ ಬಿರಡೆಯನ್ನು ಸಡಿಲ ಮಾಡುತ್ತದೆ.

ಆದ್ದರಿಂದ ಎರಡೇ ದಾರಿ. ವರ್ಷದೊಳಗೆ ಕುಡಿಯುವುದಾದರೆ ಮನೆಯ ಅತಿ ತಂಪಾದ, ಹೊರಗೋಡೆಗೆ ತಾಗದ ಕತ್ತಲ ಮೂಲೆ ಸಾಕು. ಬೇಸಗೆಯ ಎರಡು ಮೂರು ತಿಂಗಳು ಮಾಮೂಲಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಸ್ಥಳಾಂತರಿಸಿ. ಅಲ್ಲಿಯ 4, 5 ಡಿಗ್ರಿ ಅತಿ ತಂಪು, ಗಾಳಿಯೂ ಒಣ, ವರ್ಷಗಟ್ಟಲೆ ಇಡಲಾಗದು. ಆದರೂ 30 ಡಿಗ್ರಿಯ ಕಪಾಟಿಗಿಂತ ಎಷ್ಟೋ ವಾಸಿ. ಅದಕ್ಕಿಂತ ಹೆಚ್ಚು ಕಾಲ ಇಡುವುದಾದರೆ ವೈನ್ ಫ್ರಿಜ್ ಬೇಕೇ ಬೇಕು. ಅದರಲ್ಲೂ ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ಅಗ್ಗದ ಥರ್ಮೋಎಲೆಕ್ಟ್ರಿಕ್ ಯಂತ್ರಗಳು ಹೊರಗಿನ ಹವೆಗಿಂತ ಇಷ್ಟೇ ಡಿಗ್ರಿ ಇಳಿಸಬಲ್ಲವು ಎಂಬ ಮಿತಿ ಇದೆ. ಕಲಬುರಗಿಯ ಮೇ ತಿಂಗಳಲ್ಲಿ ಅವು ಇಡೀ ದಿನ ಓಡಿಯೂ 14ಕ್ಕೆ ಇಳಿಯುವುದಿಲ್ಲ. ಯಂತ್ರದ ಮುಖದ ಮೇಲಿನ ಅಂಕಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಫ್ರಿಜ್ ತುಂಬಿದ್ದರೆ ಕೆಲವು ಗಂಟೆ ತಂಪು ತಾನಾಗಿ ಉಳಿಯುತ್ತದೆ.

ಇಷ್ಟು ಅನುಕೂಲವಿಲ್ಲದಿದ್ದರೆ ಕಾಯುವ ಆಸೆ ಬಿಡಿ. ಎಳೆಯ ಬರೋಲೊವನ್ನು ಸರಿಯಾಗಿ ತೆರೆದು ಕುಡಿಯುವುದರಲ್ಲಿ ಸುಖವಿದೆ. ಬೆಂದ ಬರೋಲೊದಲ್ಲಿ ಏನೂ ಇಲ್ಲ.

7. ಯಾವಾಗ ತೆರೆಯುವುದು

ಲೆಕ್ಕ ಕೊಯ್ಲಿನ ವರ್ಷದಿಂದ, ತಂಪಿನಲ್ಲಿ ಇಟ್ಟ ಬಾಟಲಿಗೆ ಮಾತ್ರ. ಊರಿನ ಹೆಸರಿಲ್ಲದ ಸಾಮಾನ್ಯ ಬರೋಲೊ 8ರಿಂದ 12 ವರ್ಷ. ಲಾ ಮೊರ್ರಾ ಕಡೆಯ ಒಂಟಿ ತೋಟದ್ದು 10ರಿಂದ 15. ಸೆರಾಲುಂಗಾ ಅಥವಾ ಮೊನ್‌ಫೋರ್ತೆಯದು, ಒಳ್ಳೆಯ ವರ್ಷದ್ದಾದರೆ, 15ರಿಂದ 25, ಅದಕ್ಕೂ ಮೇಲೆ ಹೋಗಬಲ್ಲದು. ಬಿಸಿ ವರ್ಷದ್ದಾದರೆ ಎರಡು ಮೂರು ವರ್ಷ ಕಳೆಯಿರಿ.

ಒಂದು ಎಚ್ಚರಿಕೆ: ಮಾರುಕಟ್ಟೆಗೆ ಬಂದ ಒಂದೆರಡು ವರ್ಷ ಹಣ್ಣಿನ ಘಮದಿಂದ ಚೆನ್ನಾಗಿದ್ದ ವೈನ್ ಆಮೇಲೆ ಕೆಲವು ವರ್ಷ ಮುದುಡಿಕೊಳ್ಳುತ್ತದೆ. ವಾಸನೆಯೇ ಇಲ್ಲ, ಒಗರು ಮಾತ್ರ ಮುಂದೆ. ಆ ಹೊತ್ತಿನಲ್ಲಿ ತೆರೆದವರು ಕೆಟ್ಟುಹೋಗಿದೆ ಎಂದು ಬರೆಯುತ್ತಾರೆ. ಕೆಟ್ಟಿರುವುದಿಲ್ಲ. ಒಂದೇ ಬಗೆಯ ಮೂರು ಬಾಟಲಿ ಕೊಳ್ಳುವ ಶಕ್ತಿ ಇದ್ದರೆ ಅದೇ ಉತ್ತಮ ಉಪಾಯ: ಒಂದನ್ನು ತೆರೆದು ನೋಡಿ, ಉಳಿದವುಗಳ ದಿನ ಅದರಿಂದಲೇ ಗೊತ್ತುಮಾಡಿ.

8. ತೆರೆಯುವ ದಿನ

ಒಂದು ದಿನ ಮೊದಲು, ಇಪ್ಪತ್ತು ವರ್ಷ ದಾಟಿದ್ದಾದರೆ ಎರಡು ಮೂರು ದಿನ ಮೊದಲು, ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಗಷ್ಟು ತಳಕ್ಕೆ ಇಳಿಯಲಿ. ಈ ಗಷ್ಟು ಹಾನಿಕರವಲ್ಲ, ಆದರೆ ಕಹಿ.

ಕವಚವನ್ನು ಕತ್ತಿನ ಉಂಗುರದ ಕೆಳಗೆ ಕತ್ತರಿಸಿ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಬಿರಡೆ ಮೆತ್ತಗಾಗಿರುತ್ತದೆ, ಸುರುಳಿ ಚುಚ್ಚಿದರೆ ಪುಡಿಯಾಗುತ್ತದೆ. ಅದಕ್ಕೆಂದೇ ಎರಡು ಅಲಗಿನ ಓಪನರ್: ಅಲಗುಗಳನ್ನು ಬಿರಡೆಯ ಎರಡು ಬದಿಗೆ ಆಚೀಚೆ ಅಲುಗಿಸುತ್ತ ಇಳಿಸಿ, ತಿರುಚುತ್ತ ಮೇಲೆಳೆಯಿರಿ. ಆದರೂ ಮುರಿದರೆ ಗಾಬರಿ ಬೇಡ, ಸ್ಟೀಲಿನ ಟೀ ಸೋಸುಕದಲ್ಲಿ ಸೋಸಿ. ಮಸಾಲೆ ವಾಸನೆ ಇಲ್ಲದ ಸೋಸುಕ ಇರಲಿ.

ಈಗ ಬಸಿಯುವುದು, ಅಂದರೆ ಬಾಟಲಿಯಿಂದ ಹೂಜಿಗೆ ನಿಧಾನವಾಗಿ ಸುರಿಯುವುದು. ಹತ್ತು ವರ್ಷದೊಳಗಿನ ಎಳೆಯ ವೈನನ್ನು ಊಟಕ್ಕೆ ಎರಡರಿಂದ ನಾಲ್ಕು ಗಂಟೆ ಮೊದಲೇ ಬಸಿದಿಡಿ. ಗಾಳಿ ತಾಗಿ ಪರಿಮಳ ಬಿಚ್ಚಿಕೊಳ್ಳುತ್ತದೆ. ಎಳೆಯ ಬರೋಲೊ "ಬರೀ ಒಗರು" ಎಂದವರಲ್ಲಿ ಬಹುಪಾಲು ಜನ ಬಿರಡೆ ಕಿತ್ತು ಐದು ನಿಮಿಷದಲ್ಲಿ ಗ್ಲಾಸಿಗೆ ಹಾಕಿದವರು. ಬರೀ ಬಿರಡೆ ತೆಗೆದು ಬಾಟಲಿಯಲ್ಲೇ ಬಿಟ್ಟರೆ ಸಾಲದು, ಕತ್ತಿನ ಆ ಕಿರಿದು ಬಾಯಿಯಿಂದ ಎಷ್ಟು ಗಾಳಿ ಹೋದೀತು? ಇಪ್ಪತ್ತು ದಾಟಿದ ವೈನಿಗೆ ಇದಕ್ಕೆ ತದ್ವಿರುದ್ಧ. ಅದರ ಪರಿಮಳ ನಾಜೂಕು, ನಾಲ್ಕು ಗಂಟೆ ಗಾಳಿಗಿಟ್ಟರೆ ಮಂಕಾಗುತ್ತದೆ. ಊಟಕ್ಕೆ ಸ್ವಲ್ಪ ಮೊದಲು ತೆರೆದು ಮೂಸಿ ನೋಡಿ, ಗಷ್ಟು ಬೇರ್ಪಡಿಸಲೆಂದಷ್ಟೇ ಬಸಿಯಿರಿ. ಬಸಿಯುವಾಗ ಟಾರ್ಚನ್ನು ಬಾಟಲಿಯ ಕತ್ತಿನ ಹಿಂದೆ ಹಿಡಿಯಿರಿ. ಗಷ್ಟಿನ ಎಳೆ ಭುಜದವರೆಗೆ ಬಂದದ್ದು ಕಂಡಕೂಡಲೇ ನಿಲ್ಲಿಸಿ. ತಳದಲ್ಲಿ ಅರ್ಧ ಲೋಟ ಉಳಿದರೆ ಉಳಿಯಲಿ.

ಬಡಿಸುವ ಬಿಸಿ 16ರಿಂದ 18 ಡಿಗ್ರಿ. "ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ" ಎಂಬ ಮಾತು ಯುರೋಪಿನ ಚಳಿಯ ಕೋಣೆಗಳದ್ದು, ನಮ್ಮ 28 ಡಿಗ್ರಿಯದ್ದಲ್ಲ. ಬರೋಲೊದಲ್ಲಿ ಮದ್ಯಸಾರ ಕನಿಷ್ಠ ಶೇಕಡಾ 13, ಸಾಮಾನ್ಯವಾಗಿ 14ರ ಮೇಲೆ. ಬೆಚ್ಚಗಾದರೆ ಮೂಗಿಗೆ ಅದೊಂದೇ ಹೊಡೆಯುತ್ತದೆ. ಹೂಜಿಯನ್ನು ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಗ್ಲಾಸನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಸೋಪಿನ ವಾಸನೆ ಇರುವ ಗ್ಲಾಸು ಇಡೀ ಶ್ರಮವನ್ನು ಕೆಡಿಸುತ್ತದೆ, ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ.

ಊಟದ ವಿಷಯದಲ್ಲಿ ಒಂದೇ ಸೂತ್ರ: ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಜಿಡ್ಡು ಅದನ್ನು ನಯ ಮಾಡುತ್ತದೆ. ಪಿಯೆಮೊಂತೆಯವರು ವೈನಿನಲ್ಲೇ ಬೇಯಿಸಿದ ದನದ ಮಾಂಸ, ಬೆಣ್ಣೆ ಹಾಕಿದ ತೆಳು ಪಾಸ್ತಾ, ಹಳೆಯ ಚೀಸ್ ಇಡುತ್ತಾರೆ. ನಮ್ಮ ಅಡುಗೆಯಲ್ಲಿ ತುಪ್ಪದಲ್ಲಿ ಹುರಿದ ಮಟನ್, ಕಾಳುಮೆಣಸು ಹಾಕಿದ ಅಣಬೆ ಹೊಂದುತ್ತವೆ. ಒಣಮೆಣಸಿನಕಾಯಿಯ ಖಾರ ಹೊಂದುವುದಿಲ್ಲ. ಒಗರನ್ನೂ ಮದ್ಯದ ಉರಿಯನ್ನೂ ಇಮ್ಮಡಿ ಮಾಡುತ್ತದೆ. ಗುಂಟೂರು ಮೆಣಸಿನ ಸಾರಿರುವ ದಿನ ಈ ಬಾಟಲಿಯನ್ನು ಮುಟ್ಟಬೇಡಿ.

9. ಕೆಟ್ಟಿದೆಯೇ, ಇಲ್ಲವೇ?

ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಬಿರಡೆಯ ದೋಷ, ಟಿಸಿಎ ಎಂಬ ರಾಸಾಯನಿಕದ್ದು. ಗಾಳಿಗಿಟ್ಟರೂ ಹೋಗದು. ಅಂಗಡಿಗೆ ಹಿಂದಿರುಗಿಸಬಹುದಾದರೆ ಬಿರಡೆ ಸಮೇತ ಕೊಡಿ. ಜಾಮಿನಂಥ ಬೆಂದ ವಾಸನೆ, ಚಪ್ಪೆ ರುಚಿ ಇದ್ದರೆ ಬಿಸಿ ತಾಗಿದೆ. ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಇದ್ದರೆ ಗಾಳಿ ಹೊಕ್ಕಿದೆ. ಉಗುರು ಬಣ್ಣದ ಘಾಟು ಅಥವಾ ವಿನೆಗರ್ ವಾಸನೆ ಜೋರಾಗಿದ್ದರೆ ಅದೂ ದೋಷವೇ. ಇವು ಯಾವುವೂ ಅಲ್ಲದೆ ಟಾರಿನ ಘಮ, ಹೆಂಚಿನ ಬಣ್ಣ, ತಳದ ಗಷ್ಟು ಕಂಡರೆ ಅದು ಬರೋಲೊ ಇರಬೇಕಾದ ರೀತಿ.

ಉಳಿದದ್ದನ್ನು ಅಗಲ ಹೂಜಿಯಲ್ಲಿ ಬಿಡಬೇಡಿ. ತೊಳೆದು ಒಣಗಿಸಿದ ಚಿಕ್ಕ ಬಾಟಲಿಗೆ ಬಾಯಿವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎಳೆಯ ವೈನಾದರೆ ಎರಡು ಮೂರು ದಿನ ನಿಲ್ಲುತ್ತದೆ, ಎಷ್ಟೋ ಸಲ ಎರಡನೆಯ ದಿನವೇ ಮೊದಲ ದಿನಕ್ಕಿಂತ ರುಚಿ. ಹಳೆಯದನ್ನು ಅದೇ ರಾತ್ರಿ ಮುಗಿಸಿ, ನಾಲ್ಕು ಜನರನ್ನು ಊಟಕ್ಕೆ ಕರೆದ ದಿನ ತೆರೆಯಿರಿ.